ಸ್ಕ್ಯಾನರ್ ರಾಯರ ತೀರ್ಪು

ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಯಾರ ಕಾರಿನ ಬಾನೆಟ್ ಎದ್ದರೂ ಅಲ್ಲೊಬ್ಬ ರಾಯರು ಪ್ರತ್ಯಕ್ಷರಾಗುತ್ತಾರೆ. ಬರ್ಮುಡಾ, ಹವಾಯಿ ಚಪ್ಪಲಿ, ಅಂಗೈಯಲ್ಲಿ ಅಡಗುವಷ್ಟು ಪುಟ್ಟ ಬ್ಲೂಟೂತ್ ಸ್ಕ್ಯಾನರ್. ಸ್ಟಿಯರಿಂಗ್ ಕೆಳಗೆ ತಲೆ ತೂರಿಸಿ ಅದನ್ನು ಸಿಕ್ಕಿಸುತ್ತಾರೆ. ಮೊಬೈಲಿನಲ್ಲಿ 'ಪಿ 0420' ಎಂದು ಮೂಡಿದ್ದೇ ತಡ, ಕನ್ನಡಕ ಹಣೆಗೇರುತ್ತದೆ: "ಕ್ಯಾಟಲಿಟಿಕ್ ಕನ್ವರ್ಟರ್ ಹೋಗಿದೆ ಸಾರ್. ಹೊಸದು ಹಾಕಿಸಿಬಿಡಿ." ದೂರು ಓದುತ್ತಲೇ ಶಿಕ್ಷೆ ವಿಧಿಸುವುದು ರಾಯರ ಪದ್ಧತಿ; ನಡುವೆ ವಿಚಾರಣೆ ಅಂತ ಒಂದಿದೆಯಲ್ಲ, ಅದು ಅವರಿಗೆ ಒಗ್ಗದು.

ಆ ಕೋಡಾದರೂ ಹೇಳುವುದೇನು? ಕನ್ವರ್ಟರಿಗೆ ಹೊಗೆ ಹೊಗುವ ಮುಂಚೆ ಒಂದು, ಹೊರಬಂದ ಮೇಲೆ ಒಂದು ಆಕ್ಸಿಜನ್ ಸೆನ್ಸರ್ ಇರುತ್ತದೆ. ಎಷ್ಟೋ ಪೆಟ್ರೋಲ್ ಕಾರುಗಳಲ್ಲಿ ಮೊದಲನೆಯದು 0.1ರಿಂದ 0.9 ವೋಲ್ಟಿನ ನಡುವೆ ಕುಣಿಯುತ್ತಲೇ ಇರಬೇಕು. ಕನ್ವರ್ಟರ್ ಗಟ್ಟಿಯಾಗಿದ್ದರೆ ಎರಡನೆಯದು 0.6–0.7ರ ಆಸುಪಾಸಿನಲ್ಲಿ ತೆಪ್ಪಗಿರಬೇಕು. ಅದೂ ಕುಣಿಯತೊಡಗಿದರೆ ಕಾರಿನ ಕಂಪ್ಯೂಟರ್ ದೂರು ಬರೆದುಕೊಳ್ಳುತ್ತದೆ. ಆದರೆ ಸೈಲೆನ್ಸರ್ ಪೈಪಿನ ಜಾಯಿಂಟಿನಲ್ಲಿ ಹೊರಗಿನ ಗಾಳಿ ನುಸುಳುತ್ತಿದ್ದರೂ, ಸೆನ್ಸರೇ ಕೆಟ್ಟಿದ್ದರೂ ಇದೇ ಕೋಡು ಬರಬಹುದು. ರಾಯರ ಅದೇ ಆಪ್‌ನಲ್ಲಿ ಎರಡೂ ಸೆನ್ಸರಿನ ಗ್ರಾಫ್ ಉಂಟು. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ 2500 ಆರ್‌ಪಿಎಂನಲ್ಲಿ ಹಿಡಿದು ಒಂದೆರಡು ನಿಮಿಷ ನೋಡಬೇಕಷ್ಟೆ. ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರಬೇಕಲ್ಲ!

"ಅವರು ಹೇಳಿದ್ದು ಎಷ್ಟೋ ಸಲ ನಿಜವೇ ಆಗುತ್ತದೆ" ಎನ್ನುವವರಿದ್ದಾರೆ. ಆಗುತ್ತದೆ, ಒಪ್ಪೋಣ. ಕನ್ವರ್ಟರ್ ತಣ್ಣಗಿರುವಾಗ ಅದನ್ನು ರಬ್ಬರ್ ಸುತ್ತಿಗೆಯಿಂದ ತಟ್ಟಿ, ಒಳಗಿನ ಚೂರುಗಳು ಗಲಗಲ ಅಂದರೆ ನನ್ನ ಓಟೂ ರಾಯರಿಗೇ. ಆದರೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪಿಸಿದ ಆ ಪಿಂಗಾಣಿ ಜಾಲರಿ ಅಷ್ಟು ಸುಲಭವಾಗಿ ತಾನಾಗಿ ಸಾಯುವುದಿಲ್ಲ. ಪ್ಲಗ್ಗೋ ಇಗ್ನಿಷನ್ ಕಾಯಿಲೋ ಕೈಕೊಟ್ಟು ಇಂಜಿನ್ ಮಿಸ್ಸಿಂಗ್ ಹೊಡೆದಾಗ, ಉರಿಯದ ಪೆಟ್ರೋಲು ಅಲ್ಲಿಗೆ ಹೋಗಿ ಉರಿದು ಜಾಲರಿಯನ್ನೇ ಕರಗಿಸಬಲ್ಲದು. ಆ ಪ್ಲಗ್ಗನ್ನು ಮುಟ್ಟದೆ ಕನ್ವರ್ಟರ್ ಬದಲಾಯಿಸುವುದೆಂದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಹೊಸದಕ್ಕೂ ಅದೇ ಗತಿ. "ಪಾಪ, ಒಂದು ಪೈಸೆ ಮುಟ್ಟಲ್ಲ" ಎಂಬ ಸಮರ್ಥನೆಯೂ ಉಂಟು. ಮುಟ್ಟುವುದಿಲ್ಲ ನಿಜ, ಆದರೆ ಅವರ ಬಿಟ್ಟಿ ಸಲಹೆಯ ಬಿಲ್ಲು ಹತ್ತಾರು ಸಾವಿರಕ್ಕೆ ಬರುತ್ತದೆ.

ಗ್ಯಾರೇಜಿನವರೆಲ್ಲ ಸಾಚಾಗಳೇ ಎಂದು ಕೇಳಬಹುದು. ಇರಲಿಕ್ಕಿಲ್ಲ, ಆದರೂ ಅವರ ಕೈಗೆ ಸಾಕ್ಷಿಯಾದರೂ ಸಿಗಬೇಕಲ್ಲ. ರಾಯರು ಹೊರಡುವ ಮುಂಚೆ "ಸದ್ಯಕ್ಕೆ ಚೆಕ್ ಇಂಜಿನ್ ಲೈಟ್ ಆರಿಸಿಬಿಡ್ತೀನಿ" ಎಂದು ಕೋಡನ್ನು ಅಳಿಸುತ್ತಾರೆ. ತೊಂದರೆ ಕಂಡ ಗಳಿಗೆಯಲ್ಲಿ ವೇಗ ಎಷ್ಟಿತ್ತು, ಆರ್‌ಪಿಎಂ ಎಷ್ಟು, ಇಂಜಿನ್ ಎಷ್ಟು ಬಿಸಿಯಾಗಿತ್ತು ಎಂದು ಕಂಪ್ಯೂಟರ್ ಬರೆದಿಟ್ಟುಕೊಂಡದ್ದೂ ಅದರ ಜೊತೆಗೇ ಅಳಿಸಿಹೋಗುತ್ತದೆ. ಮರುದಿನ ಮೆಕ್ಯಾನಿಕ್ ತನ್ನ ದೊಡ್ಡ ಸ್ಕ್ಯಾನರ್ ಸಿಕ್ಕಿಸಿ ಪರದೆ ನೋಡಿ ಕೇಳುತ್ತಾನೆ: "ಏನೂ ತೋರಿಸ್ತಾ ಇಲ್ವಲ್ಲ ಸಾರ್, ಗಾಡಿ ಯಾಕೆ ತಂದ್ರಿ?"