ಮೆಮೊರಿಗೆ ತರಬೇತಿ, ನನಗೆ ಬೈಗುಳ

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬಿಡಿಭಾಗ ಕೊಂಡು ತಂದು, ಕಂಪ್ಯೂಟರನ್ನು ಸ್ವಹಸ್ತದಿಂದ ಜೋಡಿಸುವವರು ದುಡ್ಡು ಉಳಿಸಲಿಕ್ಕೆ ಹಾಗೆ ಮಾಡುತ್ತಾರೆಂದು ನೀವು ನಂಬಿದ್ದರೆ, ನಿಮಗೆ ಅಂಥವರ ಪರಿಚಯವಿಲ್ಲ ಎಂದೇ ಅರ್ಥ. ಉಳಿದ ದುಡ್ಡೆಲ್ಲ ಬಣ್ಣದ ದೀಪದ ಫ್ಯಾನುಗಳಿಗೇ ಹೋಗುತ್ತದೆ. ಇದು ಶುದ್ಧ ಕೀರ್ತಿಕಾಮನೆ. ಸ್ಕ್ರೂ ಡ್ರೈವರ್ ಹಿಡಿಯುವ ಮುಂಚೆಯೇ ನಾನು ಮನೆಯಲ್ಲಿ ಡಂಗುರ ಹೊಡೆದಿದ್ದೆ: “ಎನ್‌ವಿಎಂಇ ಎಸ್‌ಎಸ್‌ಡಿ, 32 ಜಿಬಿ ಡಿಡಿಆರ್5 ಮೆಮೊರಿ. ಬಟನ್ ಒತ್ತಿ ಕಣ್ಣು ಮಿಟುಕಿಸುವಷ್ಟರಲ್ಲಿ ಆನ್!”

ಹೆಂಡತಿ ಕಣ್ಣು ಮಿಟುಕಿಸಿದಳು. ಆಮೇಲೆ ಅಡುಗೆಮನೆಗೆ ಹೋಗಿ ಸಾರಿಗೆ ಒಗ್ಗರಣೆ ಹಾಕಿ ವಾಪಸ್ ಬಂದಳು. ಪರದೆ ಇನ್ನೂ ಕಪ್ಪಗೇ ಇತ್ತು. ಫ್ಯಾನುಗಳು ಮಾತ್ರ ಏಳು ಬಣ್ಣದಲ್ಲಿ ಗಿರಗಿರ ತಿರುಗುತ್ತಿದ್ದವು. “ಚೆನ್ನಾಗಿದೆ, ಗಾಳಿ ಬರುತ್ತೆ” ಎಂದಳು.

ಮದರ್‌ಬೋರ್ಡಿನ ಮೂಲೆಯಲ್ಲಿ ನಾಲ್ಕು ಪುಟ್ಟ ದೀಪಗಳಿರುತ್ತವೆ: ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್. ಎಲ್ಲಿ ತಡೆಯಿದೆಯೋ ಆ ದೀಪ ಉರಿಯುತ್ತದೆ. ನನ್ನದರಲ್ಲಿ ಡಿರ‍್ಯಾಮ್ ದೀಪ ನಂದಾದೀಪವಾಗಿತ್ತು. ಮೆಮೊರಿ ಸತ್ತಿದೆ ಎಂದು ತೀರ್ಪಿತ್ತು, ಆಫ್ ಮಾಡಿ, ಕಡ್ಡಿಗಳನ್ನು ಕಿತ್ತು, ಅವುಗಳ ಚಿನ್ನದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ತಿಕ್ಕಿದೆ. 1990ರ ದಶಕದಲ್ಲಿ ಕಲಿತ ಈ ವಿದ್ಯೆಯನ್ನು ಮರೆಯದೆ ಉಳಿಸಿಕೊಂಡಿದ್ದೇನೆ, ಉಪಯೋಗವಾದದ್ದು ನೆನಪಿಲ್ಲ. ಆನ್, ಕಪ್ಪು, ಆಫ್, ರಬ್ಬರ್. ಮತ್ತೆ ಆನ್. ಕೊನೆಗೆ ಅಂಗಡಿಗೆ ಫೋನ್ ಮಾಡಿದರೆ ಹುಡುಗ ಒಂದೇ ಮಾತು ಹೇಳಿದ: “ಸಾರ್, ಆನ್ ಮಾಡ್ಬಿಟ್ಟು ಊಟ ಮಾಡ್ಕೊಂಡ್ ಬನ್ನಿ.”

ಜಾರಿಕೊಳ್ಳುತ್ತಿದ್ದಾನೆ ಅಂದುಕೊಂಡೆ. ಹಸಿವಾಗಿತ್ತು ಎಂಬ ಒಂದೇ ಕಾರಣಕ್ಕೆ ಊಟಕ್ಕೆ ಕೂತೆ. ಮಜ್ಜಿಗೆ ಅನ್ನಕ್ಕೆ ಬರುವಷ್ಟರಲ್ಲಿ ಪರದೆ ಬೆಳಗಿತು.

ಒಳಗೆ ಅಷ್ಟು ಹೊತ್ತು ನಡೆದದ್ದು ಮೆಮೊರಿ ಟ್ರೈನಿಂಗ್. ನಾನು ಕೊಂಡದ್ದು 6000ದ ಮೆಮೊರಿ. ಅಂದರೆ ಒಂದೊಂದು ಗೆರೆಯಲ್ಲೂ ಸೆಕೆಂಡಿಗೆ 600 ಕೋಟಿ ಬಿಟ್‌ಗಳ ಓಡಾಟ. ಆ ವೇಗದಲ್ಲಿ ಸಂಕೇತವನ್ನು ಯಾವ ಕ್ಷಣದಲ್ಲಿ, ಎಷ್ಟು ವೋಲ್ಟೇಜಿನಲ್ಲಿ ಓದಿದರೆ ತಪ್ಪಾಗದು ಎಂಬುದನ್ನು ಯಂತ್ರ ಪ್ರತಿ ಗೆರೆಗೂ ಪ್ರಯೋಗ ಮಾಡಿಯೇ ಕಂಡುಕೊಳ್ಳಬೇಕು. ಮೊದಲ ಸಲ ಇದಕ್ಕೆ ಹಲವು ನಿಮಿಷ ಹಿಡಿಯುತ್ತದೆ. ಕಚೇರಿಗೆ ಮುಂಚೆ ವಿದ್ವಾಂಸರು ತಂಬೂರಿ ಶ್ರುತಿ ಮಾಡುತ್ತಿದ್ದರೆ, ನಾನು ಪ್ರತಿ ಸಲವೂ ತಂಬೂರಿ ಕಸಿದು ತಂತಿಗೆ ರಬ್ಬರ್ ತಿಕ್ಕಿ ವಾಪಸ್ ಕೊಡುತ್ತಿದ್ದೆ.

ಕಥೆ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಮರುದಿನದಿಂದಲೂ ಬಟನ್ ಒತ್ತಿದರೆ ಒಂದು ನಿಮಿಷದ ಕತ್ತಲೆ. ಪಕ್ಕದಲ್ಲಿ ಹೆಂಡತಿಯ ಓಬೀರಾಯನ ಕಾಲದ ಲ್ಯಾಪ್‌ಟಾಪ್ ಮುಚ್ಚಳ ತೆಗೆದರೆ ಸಾಕು, ಬೆಳಗುತ್ತಿತ್ತು. ಇದು ವಿಂಡೋಸ್‌ನ ಸೋಮಾರಿತನವೇ ಎಂದು ನಿರ್ಧರಿಸಿ ಸ್ಟಾರ್ಟಪ್ ಪಟ್ಟಿಯಲ್ಲಿದ್ದ ಸಕಲ ತಂತ್ರಾಂಶಗಳಿಗೂ ಗೇಟ್‌ಪಾಸ್ ಕೊಟ್ಟೆ. ಅದರಲ್ಲಿ ಕನ್ನಡ ಕೀಲಿಮಣೆಯೂ ಹೋಯಿತು, ಎರಡು ದಿನ ಇಂಗ್ಲಿಷಿನಲ್ಲೇ ಬದುಕಿದೆ. ಫಾಸ್ಟ್ ಸ್ಟಾರ್ಟಪ್ ಹಾಕಿದೆ, ತೆಗೆದೆ. ಕೊನೆಗೆ ವಿಂಡೋಸನ್ನೇ ಅಳಿಸಿ ಹೊಸದಾಗಿ ಹಾಕಿದೆ. ಒಂದು ನಿಮಿಷದ ಕತ್ತಲೆಯಲ್ಲಿ ಒಂದು ಸೆಕೆಂಡೂ ಕರಗಲಿಲ್ಲ.

ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪುಟದ ಮೇಲ್ಮೂಲೆಯಲ್ಲಿ ‘ಲಾಸ್ಟ್ ಬಯಾಸ್ ಟೈಮ್’ ಎಂಬ ಸಣ್ಣಕ್ಷರದ ಸಾಲಿದೆ. ಅದೇ ಪುಟದಲ್ಲಿ ಅಷ್ಟು ತಲೆಗಳನ್ನು ಉರುಳಿಸಿದವನಿಗೆ ಅದು ಕಂಡಿರಲಿಲ್ಲ. ಅದರ ಮುಂದೆ 51.6 ಸೆಕೆಂಡ್ ಎಂದಿತ್ತು. ಅಷ್ಟು ಹೊತ್ತು ವಿಂಡೋಸ್‌ಗೆ ಇನ್ನೂ ಕರೆಯೇ ಹೋಗಿರಲಿಲ್ಲ. ಕರೆಯದೇ ಇದ್ದವನು ತಡವಾಗಿ ಬಂದನೆಂದು ನಾನು ಮನೆಯಿಂದಲೇ ಓಡಿಸಿದ್ದೆ!

ಬಯಾಸ್‌ನ ಗರ್ಭದಲ್ಲಿ, ಮೆನುವಿನೊಳಗಿನ ಮೆನುವಿನೊಳಗೆ, ‘ಮೆಮೊರಿ ಕಾಂಟೆಕ್ಸ್ಟ್ ರಿಸ್ಟೋರ್’ ಎಂಬ ಆಯ್ಕೆ ಅಡಗಿತ್ತು. ಹಿಂದಿನ ತರಬೇತಿಯ ಫಲಿತಾಂಶ ಉಳಿಸಿಟ್ಟುಕೊಂಡು ಅದನ್ನೇ ಬಳಸು ಎಂದು ಯಂತ್ರಕ್ಕೆ ಹೇಳುವ ಆಯ್ಕೆ ಅದು. ಕೆಲವು ಬೋರ್ಡುಗಳಲ್ಲಿ ಇದರಿಂದ ನೀಲಿ ಪರದೆಯ ಕಾಟ ಹತ್ತುವುದೂ ಉಂಟು. ನನಗೆ ಆ ಭಾಗ್ಯ ಬರಲಿಲ್ಲ. ಮುಂದಿನ ಸಲ 17 ಸೆಕೆಂಡಿಗೆ ಎದ್ದು ಕೂತಿತು. ಮನೆಯವರನ್ನೆಲ್ಲ ಕರೆದೆ. ಹೆಂಡತಿ ನೋಡಿ ಕೇಳಿದಳು: “ಅಲ್ಲ, ಇದನ್ನ ಆಫ್ ಯಾಕೆ ಮಾಡ್ತೀರಿ? ನಾನು ನನ್ನದನ್ನ ಆಫೇ ಮಾಡಲ್ಲ, ಮುಚ್ಚಿಡ್ತೀನಿ ಅಷ್ಟೆ.”

ಸ್ಲೀಪ್‌ನಲ್ಲಿ ಮೆಮೊರಿಗೆ ಕರೆಂಟ್ ಹರಿಯುತ್ತಲೇ ಇರುತ್ತದೆ, ಮತ್ತೆ ಮೊದಲಿಂದ ಏಳುವ ಪ್ರಮೇಯವೇ ಬರುವುದಿಲ್ಲ. ಅದು ನನಗೂ ಗೊತ್ತಿತ್ತು, ಹೊಳೆದಿರಲಿಲ್ಲ. “ನಮ್ಮ ಬಡಾವಣೆಯಲ್ಲಿ ಸಂಜೆ ಕರೆಂಟ್ ಹೋಗುತ್ತಲ್ಲ” ಎಂಬ ವಾದವೊಂದೇ ನನ್ನ ಕೈಯಲ್ಲಿ ಉಳಿದಿತ್ತು. ಅವತ್ತು ಹೋಗಲಿಲ್ಲ.

ಹೊಸ ಡಿಡಿಆರ್5 ಕಂಪ್ಯೂಟರ್ ಜೋಡಿಸುವ ಓದುಗರಲ್ಲಿ ನನ್ನ ವಿನಂತಿ ಇಷ್ಟೆ: ಮೊದಲ ಸಲ ಬಟನ್ ಒತ್ತಿದ ಮೇಲೆ ಕಾಲು ಗಂಟೆ ಅದನ್ನು ಮುಟ್ಟಬೇಡಿ. ಮನೆಯವರನ್ನು ಆ ಹೊತ್ತಿಗೆ ತರಕಾರಿಗೋ ದೇವಸ್ಥಾನಕ್ಕೋ ಕಳಿಸಿಬಿಡಿ.