ಖಳನಾಯಕ ಬೇಕಾಗಿದ್ದಾನೆ

ನಮ್ಮ ಕಡೆ ಜಾತ್ರೆಯ ನಾಟಕದಲ್ಲಿ ಹೀರೋ ಆಗಲಿಕ್ಕೆ ರೊಕ್ಕ ಸಾಕು, ಖಳನಾಯಕ ಆಗಲಿಕ್ಕೆ ಯೋಗ್ಯತೆ ಬೇಕು. ಇದನ್ನು ಯಾರೂ ಬರೆದಿಟ್ಟಿಲ್ಲ. ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ಕಡೆಯ ಹಳ್ಳಿಗಳಲ್ಲಿ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಕೂತವರಿಗೆಲ್ಲ ಇದು ಗೊತ್ತು. ಜೋಳದ ರಾಶಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡುವ ಹೊತ್ತಿಗೆ, ಅದೇ ಕಟ್ಟೆಯ ಮೇಲೆ ಪಾತ್ರ ಹಂಚುವ ಸಭೆ ಕೂಡುತ್ತದೆ. ಗದಗಿನಲ್ಲಿ ಅಚ್ಚಾದ ನಾಟಕದ ಪುಸ್ತಕ ಒಂದು, ಪೇಟಿ ಮಾಸ್ತರರು ಒಬ್ಬರು, ಕುದಿ ಕುದಿ ಚಹಾ. ಹೀರೋನ ಪಾತ್ರಕ್ಕೆ ಇಷ್ಟು ಪಟ್ಟಿ, ಹೀರೋನ ತಮ್ಮನಿಗೆ ಇಷ್ಟು, ಇನ್‌ಸ್ಪೆಕ್ಟರಿಗೆ ಇಷ್ಟು. ಇನ್‌ಸ್ಪೆಕ್ಟರ್ ಅಂತೂ ಕೊನೆಯ ಸೀನಿನಲ್ಲಿ ಬಂದು 'ಯೂ ಆರ್ ಅಂಡರ್ ಅರೆಸ್ಟ್' ಅನ್ನುವುದು ಬಿಟ್ಟರೆ ಬೇರೆ ಮಾತೇ ಇಲ್ಲ. ಆದರೂ ಯೂನಿಫಾರ್ಮ್ ಹಾಕಿಕೊಂಡ ಫೋಟೋ ಪಡಸಾಲೆಯ ಗೋಡೆಯ ಮೇಲೆ ಬರುತ್ತದಲ್ಲ, ಅದಕ್ಕೇ ಪೈಪೋಟಿ.

ಖಳನ ಸರದಿ ಬಂದಾಗ ಮಾತ್ರ ರೊಕ್ಕದ ಮಾತು ನಿಲ್ಲುತ್ತದೆ. ಪೇಟಿ ಮಾಸ್ತರರು ಚಹಾದ ಕಪ್ಪು ಕೆಳಗಿಟ್ಟು, "ಈ ಪಾತ್ರಕ್ಕ ಮನಷ್ಯಾ ಬೇಕ್ರಿ" ಅನ್ನುತ್ತಾರೆ. ಹಾಗಾದರೆ ಉಳಿದ ಪಾತ್ರ ತೆಗೆದುಕೊಂಡವರೆಲ್ಲ ಏನು ಅಂತ ಯಾರೂ ಕೇಳುವುದಿಲ್ಲ. ಮಾಸ್ತರರ ಲೆಕ್ಕ ಸರಿಯಾಗಿದೆ. ಹೀರೋ ಮಾತು ಮರೆತರೆ ಪೇಟಿಯ ಮೇಲೆ ಕೈಯಾಡಿಸಿ ಅವನನ್ನು ಹಾಡಿಗೆ ಎಳೆದುಕೊಂಡು ಹೋಗಬಹುದು. ಹೀರೋಯಿನ್ ಹೊರಗಿನಿಂದ ಕರೆಸಿದ ಕಲಾವಿದೆ, ಇಂಥ ನೂರು ನಾಟಕ ಕಂಡವಳು, ನಿದ್ದೆಗಣ್ಣಲ್ಲೂ ಪಾರ್ಟು ಒಪ್ಪಿಸುತ್ತಾಳೆ. ಖಳ ಮಾತು ಮರೆತರೆ ಅಲ್ಲಿಗೆ ನಾಟಕವೇ ನಿಂತಿತು. ಹೊಲದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವವನು ಅವನೇ, ಅಣ್ಣ ತಮ್ಮಂದಿರ ನಡುವೆ ಬೆಂಕಿ ಹಚ್ಚುವವನು ಅವನೇ, ತಂಗಿಯ ಲಗ್ನ ಮುರಿಯುವವನೂ ಅವನೇ. ಹೀರೋ ರಾತ್ರಿಯಿಡೀ ಮಾಡುವುದು ಏನು ಅಂತ ನೋಡಿದರೆ, ಖಳ ಮಾಡಿದ ಕೆಲಸಕ್ಕೆ ಅಳುವುದು, ಇಲ್ಲವೆ ಸಿಟ್ಟಾಗುವುದು. ಸ್ವಂತದ್ದು ಅಂತ ಒಂದು ಉದ್ಯೋಗವೂ ಅವನಿಗಿಲ್ಲ.

ಇಂಥ ಜವಾಬ್ದಾರಿಯ ಪಾತ್ರ ಯಾರಿಗೆ ಸಿಗುತ್ತದೆ? ಊರಿನ ಅತಿ ಮೆತ್ತನ್ನ ಮನುಷ್ಯನಿಗೆ. ನಮ್ಮ ಕಾಕಾ ಒಬ್ಬರು ಊರಿಗೆ ನಳದ ನೀರು ಬಿಡುವ ಕೆಲಸ ಮಾಡುತ್ತಿದ್ದರು. ನೀರು ತಡವಾದರೆ ಓಣಿಯ ಹೆಣ್ಣುಮಕ್ಕಳು ಬೈಯುವರು, ಬೇಗ ಬಂದರೆ ಕೊಡ ತುಂಬಿಕೊಳ್ಳಲು ಆಗಲಿಲ್ಲ ಅಂತ ಬೈಯುವರು. ಕಾಕಾ ಎರಡಕ್ಕೂ "ಹೌದವಾ" ಅನ್ನುವರು. ಆ ಕಾಕಾ ಜಾತ್ರೆಯ ರಾತ್ರಿ ಬೂಟು ಹಾಕಿ, ಹುರಿಮೀಸೆ ಅಂಟಿಸಿ, ಕೈಯಲ್ಲಿ ಚಾಬೂಕು ಹಿಡಿದು ಸ್ಟೇಜಿನ ಮೇಲೆ ನಕ್ಕರೆ ಮುಂದಿನ ಸಾಲಿನ ಕೂಸುಗಳು ಅವ್ವನ ಸೆರಗಿಗೆ ಸೇರುವವು. ವರ್ಷವಿಡೀ ನುಂಗಿದ್ದನ್ನೆಲ್ಲ ಒಂದು ರಾತ್ರಿಯಲ್ಲಿ ಹೊರಹಾಕುತ್ತಾರೆ ಅಂತ ಕೆಲವರ ಅಭಿಪ್ರಾಯ. ನನಗೆ ಹಾಗನ್ನಿಸುವುದಿಲ್ಲ. ಖಳನಾದವನು ಹೀರೋನ ಕಪಾಳಕ್ಕೆ ಹೊಡೆಯಬೇಕು, ಹೊಡೆದದ್ದು ತಾಗಬಾರದು. ಹೀರೋಯಿನ್ನಿನ ಜಡೆ ಹಿಡಿದು ಎಳೆಯಬೇಕು, ಆಕೆಗೆ ನೋವಾಗಬಾರದು, ಸವರಿಯೂ ಕೈಗೆ ಬರಬಾರದು. ಇಷ್ಟು ಹದ ಬಲ್ಲವನು ಮೆತ್ತನ್ನವನೇ. ಖರೇ ಪುಂಡನೊಬ್ಬನ ಕೈಗೆ ಈ ಪಾತ್ರ ಕೊಟ್ಟರೆ ಹೊಲದ ಬದುವಿನ ಹಳೆಯ ವ್ಯಾಜ್ಯವನ್ನೆಲ್ಲ ಸ್ಟೇಜಿನ ಮೇಲೇ ಬಗೆಹರಿಸಿಕೊಂಡಾನು.

ಖಳನ ತಾಳ್ಮೆಯ ಪರೀಕ್ಷೆ ಆಗುವುದು ಬಹುಮಾನದ ಹೊತ್ತಿನಲ್ಲಿ. ನಮ್ಮ ನಾಟಕಗಳಲ್ಲಿ ಮೈಕಿನವನಿಗೆ ಲೇಖಕನಿಗಿಂತ ಹೆಚ್ಚಿನ ಅಧಿಕಾರ. ಕಾಕಾ ಹೀರೋನ ಎದೆಯ ಮೇಲೆ ಕಾಲಿಟ್ಟು, ಚೂರಿ ಎತ್ತಿ, "ಇಲ್ಲಿಗಿ ಮುಗೀತು ನಿನ್ನ ಆಟ" ಅನ್ನುವಷ್ಟರಲ್ಲಿ ಮೈಕು ಕರಕರ ಅನ್ನುತ್ತದೆ: "ಕಲಾಪ್ರೇಮಿಗಳಲ್ಲಿ ವಿನಂತಿ. ಹೀರೋ ಪಾತ್ರಧಾರಿಗಳ ಬೀಗರು ತಮ್ಮ ಅಳಿಯಂದಿರ ಅಭಿನಯಕ್ಕ ಮೆಚ್ಚಿ ಒಂದು ಬಂಗಾರದ ಉಂಗುರ, ಒಂದು ಟಾವೆಲ್ ಕೊಡಾಕತ್ತಾರ. ಅವರು ವೇದಿಕೆ ಮ್ಯಾಲ ಬರಬೇಕು." ಹೀರೋ ಸಾಯುವುದನ್ನು ನಿಲ್ಲಿಸಿ ಎದ್ದು, ಮೈ ಝಾಡಿಸಿಕೊಂಡು, ಮಾವನ ಕಾಲಿಗೆ ಬೀಳುತ್ತಾನೆ. ಉಂಗುರ ಬೆರಳಿಗೆ ಹೋಗದಿದ್ದರೆ ಕಿರುಬೆರಳಿಗೆ ಪ್ರಯತ್ನ. ಫೋಟೋ. ಬಳಿಕ ಸೋದರಮಾವಂದಿರ ಟಾವೆಲ್, ದೋಸ್ತರ ನೂರರ ನೋಟು, ಮತ್ತೆ ಫೋಟೋ. ಇಷ್ಟೂ ಹೊತ್ತು ಕಾಕಾ ಚೂರಿ ಎತ್ತಿದ ಕೈ ಇಳಿಸುವ ಹಾಗಿಲ್ಲ, ಮುಖದ ಕ್ರೌರ್ಯ ಕರಗಿಸುವ ಹಾಗಿಲ್ಲ. ಎಲ್ಲ ಮುಗಿದ ಮೇಲೆ ಹೀರೋ ಮೂರು ಟಾವೆಲ್ ಹೊದ್ದುಕೊಂಡು ಮೊದಲಿನ ಜಾಗದಲ್ಲೇ ಅಂಗಾತ ಮಲಗುತ್ತಾನೆ. ಕಾಕಾ ಕಾಲಿಡುತ್ತಾರೆ. ಈ ಸಲ ಸ್ವಲ್ಪ ಜೋರಾಗಿಯೇ ಇಡುತ್ತಾರೆ ಅಂತ ನನ್ನ ಗುಮಾನಿ.

ಸಾಮಾಜಿಕ ನಾಟಕದ ಖಳ ಹತ್ತರಲ್ಲಿ ಒಂಬತ್ತು ಸಲ ಊರಗೌಡ, ಇಲ್ಲವೆ ಸಾವಕಾರ. ನಾಟಕದ ಉದ್ಘಾಟನೆಗೆ ದೀಪ ಹಚ್ಚುವವರು ಯಾರು? ಊರಗೌಡರು. ದೊಡ್ಡ ಪಟ್ಟಿ ಕೊಟ್ಟವರು? ಸಾವಕಾರರು. ಇಬ್ಬರೂ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತು, ಗೌಡ ಎಂಬ ಪ್ರಾಣಿ ಎಷ್ಟು ನೀಚ ಅಂತ ಬೆಳತನಕ ನೋಡಿ, ಚಪ್ಪಾಳೆ ತಟ್ಟಿ, "ಖಳಾ ಛಲೋ ಮಾಡಿದ" ಅಂತ ಹೇಳಿ ಎದ್ದು ಹೋಗುತ್ತಾರೆ. ನಾಟಕದ ಗೌಡ ಬೇರೆ, ತಾವು ಬೇರೆ ಅನ್ನುವುದರಲ್ಲಿ ಅವರಿಗೆ ಎಳ್ಳಷ್ಟೂ ಅನುಮಾನವಿಲ್ಲ. ಹಿಂದಿನ ಸಾಲಿನವರಿಗೆ ಇದೆ.

ಇದೇ ಸೀಮೆಯ ಆಸುಪಾಸಿನ ನಾಟಕಕಾರ ಪಿ.ಬಿ. ಧುತ್ತರಗಿಯವರ 'ಸಂಪತ್ತಿಗೆ ಸವಾಲ್' 1974ರಲ್ಲಿ ಸಿನಿಮಾ ಆಯಿತು. ರಾಜಕುಮಾರರ ಎದುರು ನಿಂತವರು ವಜ್ರಮುನಿ. ಅಲ್ಲಿಂದ ಮುಂದೆ ನಮ್ಮ ಹಳ್ಳಿಯ ಖಳರೆಲ್ಲ ವಜ್ರಮುನಿಯ ಹಾಗೆ ಹುಬ್ಬು ಹಾರಿಸತೊಡಗಿದರು. ಸ್ವತಃ ವಜ್ರಮುನಿ ರಂಗಭೂಮಿಯಿಂದ ಬಂದವರು, 'ಪ್ರಚಂಡ ರಾವಣ' ನಾಟಕದ ರಾವಣನಾಗಿ ಹೆಸರು ಮಾಡಿದ್ದವರು. ಪೌರಾಣಿಕಕ್ಕೆ ಬಂದರೆ ನಮ್ಮಲ್ಲಿ ಕಂದಗಲ್ಲ ಹನುಮಂತರಾಯರ 'ರಕ್ತರಾತ್ರಿ'ಗೆ ಸಾಟಿಯಿಲ್ಲ. ವಿಜಯಪುರದ ರಂಗಮಂದಿರಕ್ಕೆ ಅವರದೇ ಹೆಸರು. ಆ ನಾಟಕ ಆಡಿಸುತ್ತೇವೆ ಅಂದರೆ ಜನ ಕೇಳುವ ಮೊದಲ ಪ್ರಶ್ನೆ, "ಶಕುನಿ ಯಾರು ಮಾಡ್ತಾರ?" ಧರ್ಮರಾಯ ಯಾರು ಅಂತ ಕೇಳಿದವರನ್ನು ನಾನಂತೂ ಕಂಡಿಲ್ಲ.

ಲಿಂಬೆಗೆ ಹೆಸರಾದ ಇಂಡಿಯಲ್ಲಿ ನಮ್ಮ ಅಕ್ಕನ ಮಗ ಇದ್ದಾನೆ. ಲಿಂಬಿಗಿಡದ ನೆರಳಿಗೆ ಕೂತು ಫೋನಿನಲ್ಲಿ ಆಡುತ್ತಿದ್ದ.

"ಏನ್ ಮಾಡಾಕತ್ತೀಯೋ?"

"ಡ್ರ್ಯಾಗನ್ ಹೊಡ್ಯಾಕತ್ತೀವಿ ಮಾಮಾ. ಒಬ್ಬರ ಕೈಲೆ ಆಗೂದಿಲ್ಲ, ಬ್ಯಾರೆ ಬ್ಯಾರೆ ಊರಾಗಿಂದ ಎಲ್ಲಾರೂ ಕೂಡಿ ಹೊಡೀಬೇಕು."

"ಎಲ್ಲಾರೂ ಹೀರೋನ? ಡ್ರ್ಯಾಗನ್ನಿನ ಪಾತ್ರ ಯಾರ್ದು?"

"ಅದಕ್ಕ ಯಾರೂ ಇಲ್ಲ. ಕಂಪ್ಯೂಟರ ಆಡ್ತದ."

ನನಗೆ ನಿಜಕ್ಕೂ ಕೆಡುಕೆನಿಸಿತು. ಇಂಥ ಆಟಗಳಲ್ಲಿ ದೊಡ್ಡ ಹೆಸರು 2004ರಲ್ಲಿ ಬಂದ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್'. ಅದರ ಮೊದಲ ದಿನಗಳಲ್ಲಿ ಒಂದು ದೊಡ್ಡ ರಕ್ಕಸನನ್ನು ಕೆಡವಲು ನಲವತ್ತು ಮಂದಿ ಕೂಡಬೇಕಿತ್ತು. ನಲವತ್ತೂ ಮಂದಿ ಪಟ್ಟಿ ಕೊಟ್ಟ ಹೀರೋಗಳೇ! ನಮ್ಮ ಕಾಕಾ ಬಿಟ್ಟಿಯಾಗಿ ಮಾಡುವ ಕೆಲಸಕ್ಕೆ ಜಗತ್ತಿನಲ್ಲಿ ಒಬ್ಬ ಮನುಷ್ಯನೂ ಸಿಗದೆ ಯಂತ್ರವನ್ನು ಕೂರಿಸಿದ್ದಾರೆ. ಆ ಯಂತ್ರಕ್ಕೋ ಟಾವೆಲ್ ಹೊದಿಸುವ ಹೊತ್ತು ಯಾವುದು, ಕೊಲ್ಲುವ ಹೊತ್ತು ಯಾವುದು ಅನ್ನುವುದು ತಿಳಿಯದು.

ಯಂತ್ರವಿಲ್ಲದ ಆಟದಲ್ಲಿ ಈ ಕೆಲಸ ಮನುಷ್ಯರೇ ಮಾಡುತ್ತಾರೆ. 1974ರಲ್ಲಿ ಅಮೆರಿಕದಲ್ಲಿ ಹೊರಬಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟದಲ್ಲಿ ಮೇಜಿನ ಸುತ್ತ ಕೂತವರೆಲ್ಲ ವೀರರು, ಒಬ್ಬ ಮಾತ್ರ ಕಥೆ ನಡೆಸುವವನು. ಬರುವ ರಾಕ್ಷಸರು, ಕಳ್ಳರು, ಮೋಸಗಾರ ಮಂತ್ರಿಗಳು ಎಲ್ಲ ಅವನೊಬ್ಬನ ಬಾಯಲ್ಲೇ. ನಮ್ಮ ದೊಡ್ಡಾಟದ ಸಾರಥಿಯನ್ನು ನೋಡಿದವರಿಗೆ ಇದು ಹೊಸತಲ್ಲ. ಪರದೆಯ ಹಿಂದೆ ಆರ್ಭಟಿಸುತ್ತ ಬಂದ ರಾಕ್ಷಸನನ್ನು, ತಾವು ಯಾರು, ಯಾವ ದೇಶದ ಅರಸರು, ಬಂದ ಕಾರಣವೇನು ಅಂತ ವಿನಯದಿಂದ ವಿಚಾರಿಸುವವನು ಸಾರಥಿ. ರಾಕ್ಷಸನೂ ಅಷ್ಟೇ ಸಾವಧಾನದಿಂದ ತನ್ನ ಕುಲಗೋತ್ರ, ಪರಾಕ್ರಮ, ಮುಂದೆ ಮಾಡಲಿರುವ ಅನಾಹುತಗಳನ್ನೆಲ್ಲ ಒಪ್ಪಿಸುತ್ತಾನೆ. ಇಷ್ಟು ಪ್ರಾಮಾಣಿಕ ಪ್ರಣಾಳಿಕೆ ಚುನಾವಣೆಯಲ್ಲೂ ಸಿಗುವುದಿಲ್ಲ.

ತಂಟೆ ಬರುವುದು ಯಾರೂ ಕೇಳದೆ ಖಳನಾಗುವವನಿಂದ. 1997ರಲ್ಲಿ 'ಅಲ್ಟಿಮಾ ಆನ್‌ಲೈನ್' ಎಂಬ ಆಟ ಇನ್ನೂ ತಾಲೀಮಿನ ಹಂತದಲ್ಲಿತ್ತು. ಆಟ ಕಟ್ಟಿದ ರಿಚರ್ಡ್ ಗ್ಯಾರಿಯಟ್ ಅವರೇ 'ಲಾರ್ಡ್ ಬ್ರಿಟಿಷ್' ಎಂಬ ರಾಜನ ವೇಷದಲ್ಲಿ ಪ್ರಜೆಗಳಿಗೆ ದರ್ಶನ ಕೊಡಲು ಬಂದರು. ಆ ರಾಜನಿಗೆ ಸಾವಿಲ್ಲ ಎಂಬ ನಿಯಮವಿತ್ತು. ಆದರೆ ಯಂತ್ರ ಒಮ್ಮೆ ಕೆಟ್ಟು ಮತ್ತೆ ಶುರುವಾದಾಗ ಆ ವರ ಹಚ್ಚುವುದು ಉಳಿದುಹೋಗಿತ್ತು. 'ರೈನ್ಜ್' ಎಂಬ ಹೆಸರಿನಲ್ಲಿ ಆಡುತ್ತಿದ್ದವನೊಬ್ಬ ರಾಜನ ಕಾಲ ಬುಡಕ್ಕೆ ಬೆಂಕಿ ಮಂತ್ರ ಹಾಕಿದ. ರಾಜ ಸತ್ತೇಹೋದ! ನಮ್ಮಲ್ಲಾದರೆ ಮೈಕಿನವನಾದರೂ ನಡುವೆ ಬಂದು ಉಳಿಸುತ್ತಿದ್ದ.

ಆಟ ಎಲ್ಲರಿಗೂ ತೆರೆದ ಮೇಲೂ ಅಲ್ಲಿ ಕಂಡವರನ್ನು ಕೊಂದು ದೋಚುವವರ ಕಾಟ ನಿಲ್ಲಲಿಲ್ಲ. 2000ದಲ್ಲಿ ಕಂಪನಿಯವರು ಜಗತ್ತನ್ನೇ ಎರಡು ಪಾಲು ಮಾಡಿದರು: ಒಂದರಲ್ಲಿ ಯಾರು ಯಾರನ್ನೂ ಕೊಲ್ಲಬಹುದು, ಇನ್ನೊಂದರಲ್ಲಿ ಎದುರಿನವನ ಒಪ್ಪಿಗೆ ಇಲ್ಲದೆ ಕೈ ಎತ್ತುವ ಹಾಗಿಲ್ಲ. ಜನ ಗುಂಪುಗುಂಪಾಗಿ ಎರಡನೆಯದಕ್ಕೆ ಗುಳೆ ಹೋದರು. ಹೋದವರಲ್ಲೇ ಕೆಲವರು ಆಮೇಲೆ, ಇಲ್ಲಿ ಎಲ್ಲ ಸಪ್ಪೆ ಅಂತ ಗೊಣಗಿದರು. ಇಂಗ್ಲೆಂಡಿನ ರಿಚರ್ಡ್ ಬಾರ್ಟಲ್ ಇಂಥ ಆಟಗಳ ಮೂಲಪುರುಷರಲ್ಲೊಬ್ಬರು. 1996ರಲ್ಲಿ ಅವರು ಆಟಗಾರರನ್ನು ಇಸ್ಪೀಟಿನ ನಾಲ್ಕು ಬಣ್ಣಗಳಿಗೆ ಹೊಂದಿಸಿ ವಿಂಗಡಿಸಿದರು: ಗೆಲ್ಲಲು ಬರುವವರು, ಅಲೆದು ನೋಡಲು ಬರುವವರು, ಹರಟೆಗೆ ಬರುವವರು, ಇನ್ನೊಬ್ಬರನ್ನು ಕಾಡಲಿಕ್ಕೇ ಬರುವವರು. ಕಾಡುವವರು ಹೆಚ್ಚಾದರೆ ಹರಟೆಯವರು ಓಡಿಹೋಗುತ್ತಾರೆ ಅನ್ನುವುದು ಅವರ ಲೆಕ್ಕಾಚಾರ. ನಮ್ಮ ಗುಡಿಕಟ್ಟೆಯ ಮೇಲೆ ಇಸ್ಪೀಟಾಡುವವರನ್ನು ಒಂದು ಮಧ್ಯಾಹ್ನ ನೋಡಿದ್ದರೆ ಸಾಕಿತ್ತು, ಆ ಪುಣ್ಯಾತ್ಮನಿಗೆ ಅಷ್ಟು ಬರೆಯುವ ಶ್ರಮ ತಪ್ಪುತ್ತಿತ್ತು.

ಮೊದಲೇ ಒಪ್ಪಿಕೊಂಡು ಎದುರಾಳಿಯಾಗುವ ವಿದ್ಯೆ ನಮ್ಮಲ್ಲಿ ಹಳೆಯದು. ಹಲಸಂಗಿಯ ಸೀಮೆ ಲಾವಣಿಯದು. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಹಲಸಂಗಿ ಗೆಳೆಯರು ಜನಪದ ಹಾಡು ಕೂಡಿಸಿ ಪುಸ್ತಕ ಮಾಡಿದ್ದು ಇಲ್ಲಿಯೇ. ಈ ಕಡೆಯ ಗೀಗೀ ಮೇಳಗಳಲ್ಲಿ ಹರದೇಶಿಯವರು ಗಂಡು ಹೆಚ್ಚು ಅನ್ನಬೇಕು, ನಾಗೇಶಿಯವರು ಹೆಣ್ಣು ಹೆಚ್ಚು ಅನ್ನಬೇಕು. ರಾತ್ರಿಯಿಡೀ ಒಬ್ಬರ ಸವಾಲಿಗೆ ಇನ್ನೊಬ್ಬರ ಜವಾಬು, ಒಬ್ಬರ ಮಾನ ಇನ್ನೊಬ್ಬರ ನಾಲಗೆಯಲ್ಲಿ. ಬೆಳಗಾದ ಮೇಲೆ ಎರಡೂ ಮೇಳದವರು ಒಂದೇ ಕಿಟ್ಲಿಯ ಚಹಾ ಕುಡಿದು ಒಂದೇ ಟಂಟಂ ಹತ್ತುತ್ತಾರೆ. ಸೋಲು ಗೆಲುವಿನ ತಕರಾರು ಕೇಳಿದವರಲ್ಲಿ ಉಳಿಯುತ್ತದೆ, ಹಾಡಿದವರಲ್ಲಿ ಅಲ್ಲ.

ಮುದ್ದೇಬಿಹಾಳದ ಕಡೆಯ ಫಜೀತಿ ಇನ್ನೊಂದು. ಕೃಷ್ಣೆಯ ದಂಡೆಯ ರಕ್ಕಸಗಿ, ತಂಗಡಗಿಗಳ ಹೆಸರಿನಲ್ಲಿ 1565ರ ಯುದ್ಧ ಇತಿಹಾಸದಲ್ಲಿ ಉಳಿದಿದೆ. ಗಿರೀಶ ಕಾರ್ನಾಡರು ಅದರ ಮೇಲೆಯೇ 2018ರಲ್ಲಿ 'ರಾಕ್ಷಸ ತಂಗಡಿ' ಬರೆದರು. ಆ ಯುದ್ಧವನ್ನು ನಮ್ಮ ಹುಡುಗರು ಆಡಿದರೆ ಖಳ ಯಾರು? ಆದಿಲಶಾಹಿಯ ರಾಜಧಾನಿ ನಮ್ಮದೇ ಜಿಲ್ಲಾಕೇಂದ್ರ, ವಿಜಯನಗರವೂ ನಮ್ಮದೇ. ಹಾಗಾಗಿ ಪಾತ್ರ ಹಂಚುವ ಸಭೆ ಯುದ್ಧಕ್ಕಿಂತ ದೀರ್ಘವಾದೀತು.

ಇನ್ನು ಸಿಂದಗಿ, ಇಂಡಿಯವರಾದ ನಮಗೆ ಪತ್ರಿಕೆಗಳೇ ಪಾತ್ರ ಹಂಚಿಬಿಟ್ಟಿವೆ. 'ಭೀಮಾ ತೀರದ ಹಂತಕರು' ಅನ್ನುವ ತಲೆಬರಹ ನೋಡಿ ನೋಡಿ, 2012ರಲ್ಲಿ 'ಭೀಮಾ ತೀರದಲ್ಲಿ' ಸಿನಿಮಾವೂ ಬಂದಮೇಲೆ, ಬೆಂಗಳೂರಿನಲ್ಲಿ ಬಾಡಿಗೆ ಮನೆ ಕೇಳಲು ಹೋದವನು ಊರು ಯಾವುದು ಅಂದಾಗ ಸಿಂದಗಿ ಅಂದರೆ ಮಾಲೀಕರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಇದರಿಂದ ಒಂದು ಅನುಕೂಲವೂ ಇದೆ, ಅಡ್ವಾನ್ಸು ವಾಪಸು ಕೇಳುವಾಗ ಜಾಸ್ತಿ ಚೌಕಾಸಿ ಬೇಕಾಗುವುದಿಲ್ಲ.

ಬಾಗೇವಾಡಿಯ ಕಡೆ ನಮ್ಮ ಬೀಗರ ಊರಿನಲ್ಲಿ ಈ ವರ್ಷ ಬಸವಣ್ಣನವರ ನಾಟಕ ಅಂತ ತೀರ್ಮಾನ. ಬಸವಣ್ಣ ಹುಟ್ಟಿದ ನೆಲ, ಕೇಳಬೇಕೆ? ಬಸವಣ್ಣನ ಪಾತ್ರಕ್ಕೆ ಅರ್ಧ ಊರು ಕೈ ಎತ್ತಿತು, ಅಲ್ಲಮನ ಪಾತ್ರಕ್ಕೆ ಉಳಿದರ್ಧ. ಬಿಜ್ಜಳನಿಗೂ ಕಿರೀಟದ ಆಸೆಗೆ ಗಿರಾಕಿ ಸಿಕ್ಕಿದರು. ಕೊಂಡಿ ಮಂಚಣ್ಣನ ಹೆಸರು ಬಂದಾಗ ಮಾತ್ರ ಎಲ್ಲರೂ ಗುಡಿಯ ಶಿಖರ ನೋಡತೊಡಗಿದರು. ಅದೇ ಊರಿನಲ್ಲಿ ಬಸವಣ್ಣನ ಮೇಲೆ ಅರಸನಿಗೆ ಚಾಡಿ ಹೇಳಿ, ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ತಿರುಗಾಡಬೇಕಲ್ಲ! ಕಡೆಗೆ ಎಲ್ಲರ ಕಣ್ಣೂ ಹಿಟ್ಟಿನ ಗಿರಣಿಯ ಹಿರಿಯರೊಬ್ಬರ ಮೇಲೆ ನಿಂತಿತು. ಅವರು ಬಹಳ ಹೊತ್ತು ಸುಮ್ಮನಿದ್ದು ಒಪ್ಪಿಕೊಂಡರು, ಒಂದು ಕರಾರಿನ ಮೇಲೆ.

"ಮಾಡ್ತೀನ್ರಿ ಮಾಸ್ತರ. ಆದ್ರ ಬಿಜ್ಜಳನ ಮುಂದ ಚಾಡಿ ಹೇಳು ಸೀನಿಗಿ ಮೈಕ್ ಬಂದ್ ಇಡ್ರಿ. ನಮ್ಮ ಬೀಗರು ಬರವರದಾರ."

"ಮೈಕ್ ಬಂದ್ ಇಟ್ರ ಮಂದಿಗಿ ಹೆಂಗ ಕೇಳಸ್ತದೋ ಮಾರಾಯಾ?"

"ಚಾಡಿ ಅದರಿ ಅದು. ಸಣ್ಣಗ ಹೇಳಿದ್ರನ ಊರ ತುಂಬ ಕೇಳಸ್ತದ."