ಫೋನಾಂತರ ಮೀಮಾಂಸೆ

ಒಂದು ಕಾರ್ಯಾಚರಣ ವ್ಯವಸ್ಥೆಯ ಫೋನನ್ನು ತ್ಯಜಿಸಿ ಇನ್ನೊಂದು ವ್ಯವಸ್ಥೆಯ ಫೋನನ್ನು ಆಶ್ರಯಿಸುವ ಕ್ರಿಯೆಗೆ ಫೋನಾಂತರವೆಂದು ಹೆಸರು. ಹಳೆಯ ಆಂಡ್ರಾಯ್ಡ್ ಕೊಟ್ಟು ಹೊಸ ಆಂಡ್ರಾಯ್ಡ್ ತರುವುದು ಈ ಲಕ್ಷಣಕ್ಕೆ ಒಳಪಡುವುದಿಲ್ಲ. ಅದು ಅದೇ ಓನರಿನ ವಠಾರದಲ್ಲಿ ಕೆಳಗಿನ ಮನೆ ಬಿಟ್ಟು ಮೇಲಿನ ಮನೆಗೆ ಹೋದಂತೆ. ನಿಜವಾದ ಫೋನಾಂತರ ಪರಕಾಯ ಪ್ರವೇಶದ ಜಾತಿಗೆ ಸೇರಿದ್ದು. ವ್ಯತ್ಯಾಸವಿಷ್ಟೇ: ಯೋಗಿ ಹೊಕ್ಕ ಹೊಸ ದೇಹ ಅವನ ಪಾಸ್‌ವರ್ಡ್ ಕೇಳುತ್ತಿರಲಿಲ್ಲ.

ಆಂಡ್ರಾಯ್ಡಿನಿಂದ ಐಫೋನಿಗೆ ಹೋಗುವುದು ಉತ್ತರಾಯಣ, ಅಲ್ಲಿಂದ ಮರಳುವುದು ದಕ್ಷಿಣಾಯನ. ಇವೆರಡೂ ಸ್ವ ಇಚ್ಛೆಯವು. ಮೂರನೆಯದು ಪ್ರಳಯ. ಇದರಲ್ಲಿ ಭಕ್ತ ಮಠ ಬಿಡುವುದಿಲ್ಲ, ಮಠವೇ ಮುಚ್ಚಿಹೋಗುತ್ತದೆ. 2007ರಲ್ಲಿ ಮೊದಲ ಐಫೋನ್, 2008ರಲ್ಲಿ ಮೊದಲ ಆಂಡ್ರಾಯ್ಡ್ ಫೋನ್ ಬಂದ ಮೇಲೆ ಉಳಿದ ಮಠಗಳಿಗೆ ಒಂದೊಂದಾಗಿ ಬೀಗ ಬಿತ್ತು. 2011ರಲ್ಲಿ ನೋಕಿಯಾ ಸಿಂಬಿಯನ್ನನ್ನು ಬಿಟ್ಟು ವಿಂಡೋಸ್ ಫೋನ್ ಹಿಡಿಯುವುದಾಗಿ ಸಾರಿತು. ಅದನ್ನು ನಂಬಿ ಹಿಂದೆ ಹೋದವರಿಗೆ 2019ರ ಡಿಸೆಂಬರ್ 31ರಂದು ವಿಂಡೋಸ್ ಫೋನಿನಲ್ಲಿ ವಾಟ್ಸ್‌ಆ್ಯಪ್ ನಿಂತುಹೋಯಿತು. ಒಂದೇ ಜನ್ಮದಲ್ಲಿ ಎರಡು ಪ್ರಳಯ ಕಂಡ ಈ ವರ್ಗದವರು ಇಂದಿಗೂ ಹೊಸ ಫೋನನ್ನು ಕೈಗೆತ್ತಿಕೊಂಡಾಗ ಮೊದಲು ತೂಕ ನೋಡುತ್ತಾರೆ.

ಫೋನಾಂತರದ ಕಾರಣಗಳು ಹಲವು. ಬ್ಯಾಟರಿ ಮಧ್ಯಾಹ್ನಕ್ಕೇ ಸೊರಗುವುದು, ಸ್ಟೋರೇಜ್ ಪೂರ್ತಿ ಗುಲಾಬಿ ಹೂವಿನ ಶುಭೋದಯಗಳಿಂದ ತುಂಬಿಹೋಗುವುದು, ದೀಪಾವಳಿಯ ರಿಯಾಯಿತಿ, ಬಡ್ಡಿಯಿಲ್ಲದ ಕಂತು ಇತ್ಯಾದಿ. ಇವೆಲ್ಲ ನಿಮಿತ್ತ ಕಾರಣಗಳು ಮಾತ್ರ. ಉಪಾದಾನ ಕಾರಣ ಒಂದೇ: ಷಡ್ಡಕ. ಷಡ್ಡಕನು ಗೃಹಪ್ರವೇಶವೊಂದರ ಊಟದ ಪಂಕ್ತಿಯಲ್ಲಿ ತನ್ನ ಐಫೋನನ್ನು ಎಲೆಯ ಪಕ್ಕ ಮೇಲ್ಮುಖವಾಗಿ ಇಟ್ಟ ಕ್ಷಣವೇ ಫೋನಾಂತರದ ಗರ್ಭಧಾರಣೆ.

ಇನ್ನು ವಿಧಿ. ಉತ್ತರಾಯಣಕ್ಕಾಗಿ ಆಪಲ್ ಸಂಸ್ಥೆ 2015ರಲ್ಲಿ ಮೂವ್ ಟು ಐಒಎಸ್ ಎಂಬ ಆ್ಯಪನ್ನು ಆಂಡ್ರಾಯ್ಡಿನವರಿಗೆ ದಯಪಾಲಿಸಿತು. ಹೊಸ ಫೋನು ಒಂದು ಸಂಖ್ಯಾಮಂತ್ರವನ್ನು ತೋರಿಸುತ್ತದೆ. ಹಳೆಯದರಲ್ಲಿ ಅದನ್ನು ಒತ್ತಬೇಕು. ಕೂಡಲೇ ಹೊಸ ಫೋನು ತನ್ನದೇ ಒಂದು ತಾತ್ಕಾಲಿಕ ವೈಫೈ ಜಾಲವನ್ನು ಬೀಸುತ್ತದೆ, ಹಳೆಯದು ಅದರೊಳಗೆ ಬೀಳುತ್ತದೆ. ಮುಗಿಯುವವರೆಗೆ ಹಳೆಯ ಫೋನಿನಲ್ಲಿ ಬೇರೆ ಆ್ಯಪ್ ತೆರೆಯಕೂಡದು, ಕರೆ ಸ್ವೀಕರಿಸಕೂಡದು. ಈ ಮೌನವ್ರತದ ಅವಧಿಯನ್ನೇ ಆರಿಸಿಕೊಂಡು ಕೊರಿಯರ್ ಹುಡುಗ ಗೇಟಿನಿಂದ ಫೋನ್ ಮಾಡುತ್ತಾನೆ. ಪರದೆಯ ಮೇಲೆ ಕಾಣುವ ‘ಇನ್ನೊಂದು ನಿಮಿಷ’ ಬ್ರಹ್ಮನ ನಿಮಿಷವೆಂದು ತಿಳಿದವರು ಕಾಫಿಗೆ ನೀರಿಡುತ್ತಾರೆ, ತಿಳಿಯದವರು ದಿಟ್ಟಿಸುತ್ತಾರೆ.

ಫೋಟೋ, ಸಂಪರ್ಕ, ಕ್ಯಾಲೆಂಡರ್ ದಾಟುತ್ತವೆ. ಸಂಪರ್ಕಗಳಂತೂ ಬೇಕಾದ್ದಕ್ಕಿಂತ ಹೆಚ್ಚಾಗಿಯೇ ದಾಟುತ್ತವೆ: ಸಿಮ್ಮಿನಲ್ಲಿದ್ದ ‘ಮಂಜು ಪ್ಲಂಬರ್’, ಗೂಗಲ್ ಖಾತೆಯ ‘ಮಂಜು ಪ್ಲಂಬರ್ ಹೊಸ ನಂಬರ್’, ‘ಮಂಜು ಬೇಡ’ ಮೂವರೂ ಕೈಹಿಡಿದುಕೊಂಡು ಬರುತ್ತಾರೆ. ದಾಟದೆ ಕಾಡಿದ್ದು ವಾಟ್ಸ್‌ಆ್ಯಪ್. ಆಂಡ್ರಾಯ್ಡಿನಲ್ಲಿ ಅದರ ಬ್ಯಾಕಪ್ ಗೂಗಲ್ ಡ್ರೈವಿಗೆ ಹೋಗುತ್ತದೆ, ಐಫೋನಿನಲ್ಲಿ ಐಕ್ಲೌಡಿಗೆ. ಒಂದರ ಪಾತ್ರೆಯಲ್ಲಿ ಇನ್ನೊಂದು ಉಣ್ಣುವುದಿಲ್ಲ; ಇಂಥ ಮಡಿ ಈಗ ಅಡುಗೆಮನೆಗಳಲ್ಲೂ ಅಪರೂಪ. ಉತ್ತರಾಯಣದವರಿಗೆ ಅಧಿಕೃತ ದಾರಿ ತೆರೆದದ್ದು 2022ರಲ್ಲಿ, ಅದೂ ಹೊಸ ಫೋನು ಇನ್ನೂ ಸಿದ್ಧಗೊಳ್ಳದೆ ಹಸಿಯಾಗಿದ್ದಾಗ ಮಾತ್ರ. ಈ ಷರತ್ತು ಸಾಧಕನಿಗೆ ತಿಳಿಯುವುದು ಎಲ್ಲವನ್ನೂ ಸಿದ್ಧಗೊಳಿಸಿ, ವಾಲ್‌ಪೇಪರಿಗೆ ಮಗಳ ಫೋಟೋ ಹಾಕಿಯಾದ ಮೇಲೆ.

ಯುಪಿಐ ಪ್ರಕರಣ ಹೆಚ್ಚು ಸೂಕ್ಷ್ಮ. ಹಣದ ಆ್ಯಪು ಫೋನನ್ನು ಗುರುತಿಸುವುದು ಬ್ಯಾಂಕಿನಲ್ಲಿ ದಾಖಲಾದ ಸಿಮ್ಮಿನಿಂದಲೇ ಹೊರಡುವ ಒಂದು ಎಸ್ಸೆಮ್ಮೆಸ್ಸಿನ ಮೂಲಕ. ಆಂಡ್ರಾಯ್ಡಿನಲ್ಲಿ ಆ್ಯಪು ಅನುಮತಿ ಪಡೆದು ತಾನೇ ಅದನ್ನು ಸದ್ದಿಲ್ಲದೆ ಕಳಿಸುತ್ತದೆ. ಐಫೋನು ಆ ಸ್ವಾತಂತ್ರ್ಯ ಕೊಡುವುದಿಲ್ಲ. ಅರ್ಥವಿಲ್ಲದ ಅಕ್ಷರಗಳ ಸಾಲೊಂದನ್ನು ಮುಂದಿಟ್ಟು, ಕಳಿಸುವ ಗುಂಡಿಯನ್ನು ಒಡೆಯನೇ ಒತ್ತಲೆಂದು ಕಾಯುತ್ತದೆ. ಅರ್ಥವಾಗದ್ದನ್ನು ಯಾರಿಗೂ ಕಳಿಸಬೇಡಿ ಎಂದು ಅದೇ ಬ್ಯಾಂಕು ವರ್ಷಗಟ್ಟಲೆ ಬೋಧಿಸಿರುವುದರಿಂದ ಒಡೆಯ ಹಿಂಜರಿಯುತ್ತಾನೆ. ಒತ್ತಿದ ಮೇಲೂ ಮೊದಲ 24 ಗಂಟೆಯಾದರೂ 5,000 ರೂಪಾಯಿಯ ಮಿತಿ ಸಾಮಾನ್ಯ. ಮುಕ್ಕಾಲು ಲಕ್ಷದ ಯಂತ್ರ ಹಿಡಿದು ಅಂಗಡಿಯವನಿಗೆ ‘ನಾಳೆ ಕೊಡ್ತೀನಿ’ ಎನ್ನುವ ದೃಶ್ಯದ ಹಿನ್ನೆಲೆ ಇದು.

ದತ್ತಾಂಶ ಒಂದು ಸಂಜೆಯಲ್ಲಿ ದಾಟಿದರೂ ಹೆಬ್ಬೆರಳು ದಾಟಲು ತಿಂಗಳು ಬೇಕು. ಆಂಡ್ರಾಯ್ಡಿನಲ್ಲಿ ಹಿಂದಕ್ಕೆ ಹೋಗುವ ಗುಂಡಿ ಪರದೆಯ ಬುಡದಲ್ಲಿ ಇರುತ್ತಿತ್ತು, ಐಫೋನಿನಲ್ಲಿ ಅದಿಲ್ಲ. ಎಡ ಅಂಚಿನಿಂದ ಸವರಬೇಕು, ಕೆಲವು ಆ್ಯಪುಗಳಲ್ಲಿ ಮೇಲಿನ ಮೂಲೆಯ ಬಾಣ ಮುಟ್ಟಬೇಕು. ಬೆರಳು ಮಾತ್ರ ಬುಡದ ಬರಿಜಾಗವನ್ನೇ ಕುಟ್ಟುತ್ತಿರುತ್ತದೆ. ಪೂರ್ವಜನ್ಮದ ವಾಸನೆ ಎಂಬುದಕ್ಕೆ ಇಷ್ಟು ಸ್ಪಷ್ಟ ಪುರಾವೆ ದರ್ಶನಶಾಸ್ತ್ರಗಳಲ್ಲಿಲ್ಲ.

ಕನ್ನಡ ಬರೆಯುವವರಿಗೆ ಇನ್ನೊಂದು ಪರೀಕ್ಷೆ. ಐಫೋನಿಗೆ ಅದರದೇ ಕನ್ನಡ ಕೀಲಿಮಣೆ ಬಂದದ್ದು 2017ರ ಐಒಎಸ್ 11ರಲ್ಲಿ. ಕೀಲಿಮಣೆ ಬದಲಾದಾಗ ಮೊದಲು ಕಳೆದುಹೋಗುವುದು ಕಣ್ಣಿಗೆ ಕಾಣದ ಒಂದು ಚಿಹ್ನೆ, ಅರ್ಧಾಕ್ಷರ ಮುಂದಿನದಕ್ಕೆ ಒತ್ತಾಗದಂತೆ ತಡೆಯುವ ಶೂನ್ಯ ಅಗಲದ ಬೇಲಿ. ಅದಿಲ್ಲದೆ ‘ರಾಜ್‌ಕುಮಾರ್’ ಎಂಬುದು ‘ರಾಜ್ಕುಮಾರ್’ ಆಗುತ್ತದೆ, ಅಭಿಮಾನಿಗಳು ಕನಲುತ್ತಾರೆ. ಈ ಬೇಲಿ ಸಾಮಾನ್ಯದ್ದಲ್ಲ. 2018ರ ಫೆಬ್ರವರಿಯಲ್ಲಿ ತೆಲುಗಿನ ‘ಜ್ಞಾ’ದ ನಡುವೆ ಅದೇ ಚಿಹ್ನೆ ಸೇರಿಕೊಂಡ ರೂಪವೊಂದು ಐಫೋನಿನ ಆ್ಯಪುಗಳನ್ನು ಬೀಳಿಸಿತು, ಕೆಲವೇ ದಿನಗಳಲ್ಲಿ ಐಒಎಸ್ 11.2.6 ಹೊರಬಂದು ಅದಕ್ಕೆ ಮದ್ದು ಹಾಕಿತು. ಜ್ಞಾನದ ಮೊದಲ ಅಕ್ಷರಕ್ಕೇ ಮೂರ್ಛೆ ಹೋದ ಯಂತ್ರಕ್ಕೆ ಸ್ಮಾರ್ಟ್ ಎಂಬ ವಿಶೇಷಣ ಸಲ್ಲುವುದೇ ಎಂಬ ಪೂರ್ವಪಕ್ಷ ಇನ್ನೂ ಖಂಡನೆಯಾಗಿಲ್ಲ.

ಚಿಕಿತ್ಸೆಗಳಲ್ಲಿ ಶ್ರೇಷ್ಠವಾದದ್ದು ಆಫ್ ಮಾಡಿ ಆನ್ ಮಾಡುವುದು. ಇದು ಮೂಢನಂಬಿಕೆಯಲ್ಲ, ತಾತ್ಕಾಲಿಕ ಸ್ಮೃತಿ ಖಾಲಿಯಾಗುತ್ತದೆ, ಎಲ್ಲೋ ಸಿಕ್ಕಿಹಾಕಿಕೊಂಡ ಪ್ರಕ್ರಿಯೆಗಳು ಸತ್ತು ಹೊಸದಾಗಿ ಹುಟ್ಟುತ್ತವೆ. ಅದಕ್ಕೂ ಬಗ್ಗದಿದ್ದರೆ ಮನೆಯ ಹದಿನಾಲ್ಕರ ಹುಡುಗಿಗೆ ತೋರಿಸುವುದು. ಆಕೆ ಏನು ಮಾಡಿದಳೆಂದು ತಿಳಿಯುವಷ್ಟರಲ್ಲಿ ಸರಿಹೋಗಿರುತ್ತದೆ, ಜೊತೆಗೆ ಎರಡು ಆಟಗಳೂ ಡೌನ್‌ಲೋಡ್ ಆಗಿರುತ್ತವೆ.

ಕಡೆಯದು ಹಳೆಯ ಫೋನಿನ ಉತ್ತರಕ್ರಿಯೆ. ಅದನ್ನು ಊರಿನ ತಮ್ಮನಿಗೆ ಕೊಡುವುದು ವಾಡಿಕೆ. ಆದರೆ 2015ರಿಂದೀಚೆಗೆ ಆಂಡ್ರಾಯ್ಡಿಗೆ ಮರುಹೊಂದಿಕೆಯ ಕಾವಲು ಎಂಬುದೊಂದು ಬಂದಿದೆ: ಗೂಗಲ್ ಖಾತೆಯನ್ನು ಮೊದಲು ತೆಗೆಯದೆ, ಹೊರಗಿನ ಗುಂಡಿಗಳನ್ನು ಒತ್ತಿ ಫೋನನ್ನು ಒರೆಸಿ ಕೊಟ್ಟರೆ, ಅದು ಮರಳಿ ಎಚ್ಚರವಾದಾಗ ಹಳೆಯ ಒಡೆಯನ ಖಾತೆ ಮತ್ತು ಗುಪ್ತಪದವನ್ನೇ ಕೇಳುತ್ತದೆ. ತಮ್ಮ ಫೋನ್ ಮಾಡಿ ವಿಚಾರಿಸುತ್ತಾನೆ. ಅಣ್ಣ ಹೊಸ ಫೋನಿನ ಬುಡವನ್ನು ಕುಟ್ಟುತ್ತ, ಆ ಪದವನ್ನು ಬರೆದಿಟ್ಟದ್ದು ಹಳೆಯ ಫೋನಿನ ನೋಟ್ಸಿನಲ್ಲಿ ಎಂದು ನೆನಪಿಸಿಕೊಳ್ಳುತ್ತಾನೆ.